ಸಂಸ್ಕೃತಿ–ಸಮಾಜದ ಎಂಎ ಓದಬೇಕಾ? ಕಲಬುರಗಿಯಲ್ಲಿ ಓದಿ ಮುಗಿಸಿದವಳ ಅಭಿಪ್ರಾಯ

ಡಿಗ್ರಿ ಮುಗಿಸಿದವರು ಅರ್ಜಿ ಹಾಕುವ ಸಮಯ ಬಂತು ಅಂದರೆ ನನಗೆ ಮೆಸೇಜ್ ಶುರುವಾಗುತ್ತವೆ. "ಅಕ್ಕಾ, ಆ ಕೋರ್ಸ್ ಹ್ಯಾಂಗದ? ಸೇರಬೇಕೋ ಬ್ಯಾಡೋ?" ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲಾ ಒಂದೇ ಕಡೆ ಬರೆದಿಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಎರಡು ವರ್ಷ ಕೊಡುವ ಮೊದಲು ಹತ್ತು ನಿಮಿಷ ಓದಿ, ತಪ್ಪಿಲ್ಲ.

ನಾನು ಓದಿದ್ದು ಬಿಎ ಇತಿಹಾಸ, ಕನ್ನಡ ಮಾಧ್ಯಮ, ತಾಲ್ಲೂಕಿನ ಸರ್ಕಾರಿ ಕಾಲೇಜು. ಆಮೇಲೆ ಕಲಬುರಗಿಗೆ ಬಂದು ಈ ಎಂಎ ಸೇರಿದೆ. ಇತಿಹಾಸ, ಸಮಾಜಶಾಸ್ತ್ರ, ಮಾನವಶಾಸ್ತ್ರ, ಸಾಹಿತ್ಯ, ಜಾನಪದ ಎಲ್ಲಾ ಸೇರಿಸಿ ಸಂಸ್ಕೃತಿ ಮತ್ತು ಸಮಾಜವನ್ನು ಓದುವ ಕೋರ್ಸು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ನಾನು ಹೇಳುವ ದೂರುಗಳು ಒಂದೇ ಜಾಗದ್ದಲ್ಲ, ಬೇರೆ ಊರಲ್ಲಿ ಇಂಥದೇ ಕೋರ್ಸು ಓದಿದ ಗೆಳತಿಯರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ.

ನನ್ನ ಉತ್ತರ: ಸೇರಿ. ಆದರೆ ಒಂದು ವಿಷಯ ವಿಚಾರಿಸಿಕೊಂಡು ಸೇರಿ. ಬೇರೆ ಬೇರೆ ವಿಭಾಗದ ಮೇಷ್ಟ್ರುಗಳು ಒಂದೇ ಕ್ಲಾಸಿನಲ್ಲಿ ಒಟ್ಟಿಗೆ ಕೂತು ಪಾಠ ಮಾಡುತ್ತಾರಾ, ಇಲ್ಲಾ ಸೋಮವಾರ ಒಬ್ಬರು ಮಂಗಳವಾರ ಇನ್ನೊಬ್ಬರು ಬಂದು ತಮ್ಮ ತಮ್ಮ ಪಾಠ ಹೇಳಿ ಹೋಗುತ್ತಾರಾ? ಈ ಕೋರ್ಸಿನ ಬೆಲೆ ಪೂರ್ತಿ ಇದರ ಮೇಲೇ ನಿಂತಿದೆ. ನನಗೆ ಎರಡೂ ಥರ ಸಿಕ್ಕಿತು. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಒಟ್ಟಿಗೆ ಕೂತರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಕ್ಲಾಸಿನ ಕಥೆ ಹೇಳುತ್ತೇನೆ. ಎರಡನೇ ಸೆಮಿಸ್ಟರ್, ವಿಷಯ ಬೀದರ್ ಪಕ್ಕದ ಅಷ್ಟೂರು. ಅಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿ ಇದೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದವನು ಅವನೇ. ಅಲ್ಲಿನ ಉರುಸು ಹಿಂದೂ ಪಂಚಾಂಗದ ಲೆಕ್ಕದಲ್ಲಿ, ಹೋಳಿ ಆದಮೇಲೆ ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಭಕ್ತರನ್ನು ಕಟ್ಟಿಕೊಂಡು ಅಷ್ಟೂರಿಗೆ ನಡೆದುಕೊಂಡು ಬರುತ್ತಾರೆ. ಆ ಸುಲ್ತಾನನನ್ನು ಅಲ್ಲಮಪ್ರಭು ಅಂತಲೇ ನಂಬಿ ನಡೆದುಕೊಳ್ಳುವ ಜನ ಇದ್ದಾರೆ. ಇದು ನಮ್ಮ ಭಾಗದಲ್ಲಿ ಬಹಳ ಮಂದಿಗೆ ಗೊತ್ತಿರುವ ವಿಷಯ. ಗೊತ್ತಿರುವುದರಿಂದಲೇ ಯಾರೂ ಅದರ ಬಗ್ಗೆ ಯೋಚನೆ ಮಾಡುವುದಿಲ್ಲ.

ಅವತ್ತು ಮೂರು ಜನ ಮೇಷ್ಟ್ರು ಇದ್ದರು. ಇತಿಹಾಸದ ಸರ್ ಮೊದಲು ಮಾತಾಡಿದರು. ಕಲಬುರಗಿಯಲ್ಲಿ ಸೂಫಿ ಸಂತ ಬಂದೇ ನವಾಜರು ಇದ್ದರು, ಅವರು ತೀರಿಕೊಂಡಿದ್ದು 1422ರಲ್ಲಿ, ಅದೇ ವರ್ಷ ಅಹ್ಮದ್ ಷಾ ಪಟ್ಟಕ್ಕೆ ಬಂದ. ಹೊಸ ರಾಜಧಾನಿಗೆ ಹೊಸ ಗುರುಗಳು ಬೇಕಾಗಿತ್ತು. ಇರಾನಿನ ಕಿರ್ಮಾನಿನಲ್ಲಿದ್ದ ನಿಯಾಮತುಲ್ಲಾ ವಲಿಗೆ ಹೇಳಿ ಕಳಿಸಿದ, ಅವರ ಮೊಮ್ಮಗ ಬಂದರು. ಗೋರಿಯ ಒಳಗಡೆ ಗೋಡೆ ತುಂಬಾ ಪಾರ್ಸಿ ಬರಹ ಇದೆ. ಅಂದಮೇಲೆ ಇದು ರಾಜಕಾರಣದ ಲೆಕ್ಕ, ಅಲ್ಲಮನ ಮಾತು ಆಮೇಲೆ ಸೇರಿಕೊಂಡಿದ್ದು, ಅದಕ್ಕೆ ಸುಲ್ತಾನನ ಕಾಲದ ದಾಖಲೆ ಇಲ್ಲ ಅಂದರು.

ಕನ್ನಡದ ಮೇಡಂ ಸುಮ್ಮನೆ ಬಿಡಲಿಲ್ಲ. ಅಲ್ಲಮ 12ನೇ ಶತಮಾನದವನು, ಸುಲ್ತಾನ 15ನೇ ಶತಮಾನದವನು, ಇದು ನಡೆದುಕೊಂಡು ಬರುವ ಜನರಿಗೂ ಗೊತ್ತಾಗದೆ ಇರುವುದಿಲ್ಲ, ಆದರೂ ಅವರು ಹಾಗೆ ಹೇಳುತ್ತಾರೆ ಅಂದರೆ ಅದು ಸುಲ್ತಾನನ ಬಗ್ಗೆ ದಾಖಲೆ ಅಲ್ಲ, ಹೇಳುವವರ ಬಗ್ಗೆ ದಾಖಲೆ ಅಂದರು. ಹೇಳುವವರಿಗೆ ಸಂತ ಅಂದರೆ ಯಾರು, ಅವನು ಒಂದೇ ಮೈಯಲ್ಲಿ ಇರಬೇಕಾ, ಒಂದೇ ಕಾಲದಲ್ಲಿ ಇರಬೇಕಾ, ಅದನ್ನು ಕೇಳಿ ಅಂದರು. ಇಬ್ಬರೂ ದನಿ ಏರಿಸಿದರು. ಅಷ್ಟರಲ್ಲಿ ಸಮಾಜಶಾಸ್ತ್ರದ ಸರ್ ಎದ್ದು ನಮ್ಮ ಕಡೆ ತಿರುಗಿ, ಮೆರವಣಿಗೆಯಲ್ಲಿ ಯಾರು ಮುಂದೆ ನಡೆಯುತ್ತಾರೆ, ಯಾರು ಹಿಂದೆ, ಒಳಗೆ ಮೊದಲು ಯಾರು ಹೋಗುತ್ತಾರೆ, ಕಾಯಿ ಒಡೆಯುವುದು ಯಾರು, ಫಾತಿಹಾ ಓದುವುದು ಯಾರು, ಹೆಂಗಸರು ಎಲ್ಲಿಯವರೆಗೆ ಹೋಗುತ್ತಾರೆ, ಇಷ್ಟು ನೋಡಿಕೊಂಡು ಬನ್ನಿ, ಆಮೇಲೆ ಇಬ್ಬರಲ್ಲಿ ಯಾರು ಸರಿ ಅಂತ ಮಾತಾಡೋಣ ಅಂದರು.

ಆ ಕ್ಲಾಸು ಮುಗಿಯುವ ಹೊತ್ತಿಗೆ ಊಟದ ಗಂಟೆ ಹೊಡೆದು ಬಹಳ ಹೊತ್ತಾಗಿತ್ತು. ಯಾರೂ ಎದ್ದಿರಲಿಲ್ಲ. ಬಿಎ ಓದುವಾಗ ನನಗೆ ಬಹಮನಿ ಅಂದರೆ 1347, ಹಸನ್ ಗಂಗು, ಮಹಮ್ಮದ್ ಗವಾನ್, ಅಷ್ಟೇ. ವಚನ ಅಂದರೆ ಇನ್ನೊಂದು ಪೇಪರು. ಎರಡೂ ಒಂದೇ ಮಣ್ಣಿನಲ್ಲಿ, ಒಂದೇ ದಾರಿಯಲ್ಲಿ ನಡೆದುಕೊಂಡು ಬರುತ್ತವೆ ಅನ್ನುವುದನ್ನು ನನಗೆ ಯಾರೂ ಕ್ಲಾಸಿನಲ್ಲಿ ತೋರಿಸಿರಲಿಲ್ಲ.

ಈಗ ಇನ್ನೊಂದು ಥರ. ಮೂರನೇ ಸೆಮಿಸ್ಟರಿನಲ್ಲಿ ನಾಲ್ಕು ವಿಭಾಗದಿಂದ ನಾಲ್ಕು ಜನ ಬಂದರು, ಒಬ್ಬರು ಏನು ಹೇಳಿದರು ಅಂತ ಇನ್ನೊಬ್ಬರಿಗೆ ಗೊತ್ತಿಲ್ಲ. ಜಾತಿ ಅಂದರೇನು ಅನ್ನುವ ಪಾಠವನ್ನೇ ಎರಡು ಪೇಪರಿನಲ್ಲಿ ಎರಡು ಸಲ ಕೇಳಿದೆವು, ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ. ಸಮಾಜಶಾಸ್ತ್ರ ಎಂಎ ಮೊದಲ ವರ್ಷದ ನೋಟ್ಸನ್ನೇ ತಂದು ಓದಿದವರೂ ಇದ್ದರು. ಹೀಗಾದರೆ ನಾಲ್ಕು ವಿಷಯದಲ್ಲಿ ಕಾಲು ಕಾಲು ಎಂಎ ಮಾಡಿದ ಹಾಗೆ. ಅದರ ಬದಲು ಒಂದೇ ವಿಷಯ ಪೂರ್ತಿ ಓದುವುದು ಎಷ್ಟೋ ಮೇಲು.

ಸಿಲಬಸ್ ಬಗ್ಗೆ. ಮೊದಲ ಸೆಮಿಸ್ಟರ್ ತುಂಬಾ ಸಿದ್ಧಾಂತ. ಹೆದರಬೇಡಿ. ಹೆಸರುಗಳು ಮೊದಲು ಭಾರ ಅನ್ನಿಸುತ್ತವೆ, ಆದರೆ ಆ ಜನ ಎಲ್ಲಿಂದ ಬಂದವರು ಅಂತ ತಿಳಿದುಕೊಂಡರೆ ಹತ್ತಿರ ಆಗುತ್ತಾರೆ. ರೇಮಂಡ್ ವಿಲಿಯಮ್ಸ್ ಅಂತ ಒಬ್ಬರು ಬರುತ್ತಾರೆ. ವೇಲ್ಸ್ ಗಡಿಯ ಹಳ್ಳಿಯವರು, ಅಪ್ಪ ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದರು. ಸಂಸ್ಕೃತಿ ಅಂದರೆ ದೊಡ್ಡವರ ಮನೆಯ ಸಂಗೀತ, ಚಿತ್ರ ಅಷ್ಟೇ ಅಲ್ಲ, ಸಾಮಾನ್ಯ ಜನರ ದಿನನಿತ್ಯದ ಬದುಕೇ ಅದು ಅಂತ 1958ರಲ್ಲಿ ಬರೆದರು. ವಾಡಿ, ಶಹಾಬಾದ್ ಕಡೆಯ ಹುಡುಗರು ನಮ್ಮ ಕ್ಲಾಸಿನಲ್ಲಿ ಇದ್ದರು, ಅವರ ಅಪ್ಪಂದಿರೂ ರೈಲ್ವೆ, ಸಿಮೆಂಟ್ ಫ್ಯಾಕ್ಟರಿ, ಕಲ್ಲಿನ ಕ್ವಾರಿಯವರು. ಅವರಿಗೆ ವಿಲಿಯಮ್ಸ್ ಬಹಳ ಬೇಗ ಅರ್ಥ ಆದರು. ಆಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿ 1964ರಲ್ಲಿ ಶುರುವಾದ ಸಂಸ್ಕೃತಿ ಅಧ್ಯಯನದ ಕೇಂದ್ರ, ಅದನ್ನು ನಡೆಸಿದ ಸ್ಟುಅರ್ಟ್ ಹಾಲ್, ಇದೆಲ್ಲಾ ಬರುತ್ತದೆ. ಅಷ್ಟು ಹೆಸರು ಮಾಡಿದ ಆ ವಿಭಾಗವನ್ನು 2002ರಲ್ಲಿ ಅಲ್ಲಿನ ವಿಶ್ವವಿದ್ಯಾಲಯವೇ ಮುಚ್ಚಿತು. ಇಂಥ ಕೋರ್ಸುಗಳು ಎಲ್ಲಿಯೂ ಗಟ್ಟಿ ನೆಲದ ಮೇಲೆ ನಿಂತಿಲ್ಲ ಅನ್ನುವುದು ನಿಮಗೂ ಗೊತ್ತಿರಲಿ.

ನನಗೆ ಹೆಚ್ಚು ಹಿಡಿಸಿದ್ದು ನಮ್ಮವರ ಕೆಲಸ. ಅಂಬೇಡ್ಕರ್ ಅವರು 1916ರಲ್ಲಿ, ಇನ್ನೂ 25 ವರ್ಷದವರು, ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಜಾತಿಯ ಬಗ್ಗೆ ಪ್ರಬಂಧ ಓದಿದರು. ಜಾತಿ ಉಳಿಯುವುದು ಒಳಗೊಳಗೇ ಮದುವೆ ಮಾಡಿಕೊಳ್ಳುವುದರಿಂದ, ಮತ್ತು ಅದಕ್ಕಾಗಿ ಹೆಣ್ಣಿನ ಮೇಲೆ ಹಾಕುವ ಕಟ್ಟುಪಾಡಿನಿಂದ ಅಂತ ಅವರು ಅಲ್ಲಿ ಬಿಡಿಸಿ ತೋರಿಸುತ್ತಾರೆ. ವಿಧವೆಗೆ ಮರುಮದುವೆ ಇಲ್ಲ, ಸಣ್ಣ ಹುಡುಗಿಗೆ ಮದುವೆ, ಇವೆಲ್ಲ ಯಾಕೆ ಬಂದವು ಅನ್ನುವುದಕ್ಕೆ ಒಂದೇ ಸೂತ್ರ ಹಿಡಿದು ಹೋಗುತ್ತಾರೆ. ಓದಿದ ರಾತ್ರಿ ಹಾಸ್ಟೆಲಿನಲ್ಲಿ ನಾವು ಮಲಗಲಿಲ್ಲ. ಎಲ್ಲರ ಮನೆಯ ಮದುವೆ ಕಥೆಗಳೂ ಹೊರಗೆ ಬಂದವು, ಸೋದರಮಾವನಿಗೆ ಕೊಟ್ಟಿದ್ದು, ಅಕ್ಕನ ಮಗಳನ್ನು ತಂದಿದ್ದು, ಓಡಿಹೋದವರನ್ನು ಮನೆಗೆ ಸೇರಿಸದೆ ಇದ್ದಿದ್ದು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಕಥೆಯೂ ಹಾಗೇ ಮನಸ್ಸಿನಲ್ಲಿ ಉಳಿಯಿತು. ಮೈಸೂರು ಕಡೆಯ ಒಂದು ಹಳ್ಳಿಯಲ್ಲಿ 1948ರಲ್ಲಿ ಇದ್ದು ಮಾಡಿದ ಕ್ಷೇತ್ರಕಾರ್ಯ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಬೆಂಕಿ ಹಚ್ಚಿದಾಗ ಆ ಟಿಪ್ಪಣಿಗಳನ್ನು ವರ್ಷಗಟ್ಟಲೆ ಕೂತು ಜೋಡಿಸಿ ಇಟ್ಟಿದ್ದೆಲ್ಲಾ ಸುಟ್ಟುಹೋಯಿತು. ನೆನಪಿನಿಂದಲೇ ಆ ಊರಿನ ಬಗ್ಗೆ ಪುಸ್ತಕ ಬರೆದರು. ಕ್ಷೇತ್ರಕಾರ್ಯ ಮಾಡುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಬೇಕಾಗಿಲ್ಲ: ಬರೆದುಕೊಂಡಿದ್ದು ಎರಡು ಕಡೆ ಇಡಿ, ಮತ್ತು ಬರೆದುಕೊಳ್ಳುವುದಕ್ಕಿಂತ ಹೆಚ್ಚು ನೋಡಿ.

ನನ್ನ ಒಂದು ದೊಡ್ಡ ತಕರಾರು ಇಲ್ಲೇ ಇದೆ. ಯುರೋಪಿನವರು ಮೊದಲ ಸೆಮಿಸ್ಟರಿನಲ್ಲಿ ಬರುತ್ತಾರೆ, ನಮ್ಮ ನೆಲದವರು ಕೊನೆಗೆ, ಸಮಯ ಉಳಿದರೆ. ಕವಿರಾಜಮಾರ್ಗ 9ನೇ ಶತಮಾನದ್ದು, ಹುಟ್ಟಿದ್ದು ರಾಷ್ಟ್ರಕೂಟರ ಮಳಖೇಡದಲ್ಲಿ, ನಮ್ಮ ಸೇಡಂ ತಾಲ್ಲೂಕು. ಕಾವೇರಿಯಿಂದ ಗೋದಾವರಿವರೆಗಿನ ನಾಡು, ಅಲ್ಲಿನ ಜನ ಓದದೆಯೂ ಕಾವ್ಯ ಬಲ್ಲವರು ಅಂತ ಹೇಳುವ ಗ್ರಂಥ. ಸಂಸ್ಕೃತಿ ಅಧ್ಯಯನ ಅಂದರೆ ಮೊದಲ ದಿನವೇ ಇದನ್ನು ಓದಿಸಬೇಕಾಗಿತ್ತು. ಅದು ನಮಗೆ ಸಿಕ್ಕಿದ್ದು ಐಚ್ಛಿಕ ಪೇಪರಿನ ಒಂದು ಘಟಕದಲ್ಲಿ. ಶಂ.ಬಾ. ಜೋಶಿ, ಎಂ.ಎಂ. ಕಲಬುರ್ಗಿ, ರಹಮತ್ ತರೀಕೆರೆ, ಈ ಕನ್ನಡ ಸಂಶೋಧಕರನ್ನೆಲ್ಲಾ ನಾವಾಗೇ ಹುಡುಕಿ ಓದಿದ್ದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಿಂದ ಕನ್ನಡದಲ್ಲೇ ಸಂಶೋಧನೆ ಪ್ರಕಟಿಸುತ್ತಾ ಬಂದಿದೆ. ಆ ಪುಸ್ತಕಗಳು ಓದುವ ಪಟ್ಟಿಯಲ್ಲಿ ಯಾಕೆ ಇಲ್ಲ ಅಂತ ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ.

ಭಾಷೆಯ ಕಷ್ಟವೂ ಇದಕ್ಕೇ ಅಂಟಿಕೊಂಡಿದೆ. ಪಾಠ ಕನ್ನಡ ಇಂಗ್ಲಿಷ್ ಬೆರೆಸಿ ನಡೆಯುತ್ತದೆ, ಓದಬೇಕಾದ್ದು ಮಾತ್ರ ಮುಕ್ಕಾಲು ಪಾಲು ಇಂಗ್ಲಿಷ್, ಅದೂ ಕಠಿಣ ಇಂಗ್ಲಿಷ್. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಎರಡು ತಿಂಗಳಲ್ಲೇ ಬಿಟ್ಟು ಹೋಗುವುದು ಇದರಿಂದ. ನಾವು ಉಳಿದುಕೊಂಡಿದ್ದು ಗುಂಪು ಮಾಡಿಕೊಂಡು. ಒಂದು ಲೇಖನವನ್ನು ಹಂಚಿಕೊಂಡು ಓದುವುದು, ಸಂಜೆ ಅಪ್ಪನ ಕೆರೆ ಹತ್ತಿರ ಕೂತು ಒಬ್ಬೊಬ್ಬರು ತಮ್ಮ ಭಾಗವನ್ನು ಕನ್ನಡದಲ್ಲಿ ಹೇಳುವುದು. ಹೇಳಲು ಬಂತು ಅಂದರೆ ಅರ್ಥ ಆಗಿದೆ ಅಂತ ಲೆಕ್ಕ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ನಮಗೆ ಅವಕಾಶ ಇತ್ತು. ಇದನ್ನು ಸೇರುವ ಮೊದಲೇ ಖಚಿತ ಮಾಡಿಕೊಳ್ಳಿ, ಎಲ್ಲಾ ಕಡೆ ಇರುವುದಿಲ್ಲ. ಇನ್ನೊಂದು ಮಾತು, ಇ-ಪಿಜಿ ಪಾಠಶಾಲಾ ಜಾಲತಾಣದಲ್ಲಿ ಎಂಎ ಮಟ್ಟದ ಪಾಠಗಳು ಪುಕ್ಕಟೆ ಸಿಗುತ್ತವೆ, ಶೋಧಗಂಗಾ ಜಾಲತಾಣದಲ್ಲಿ ಪಿಎಚ್‌ಡಿ ಪ್ರಬಂಧಗಳು ಸಿಗುತ್ತವೆ, ಕನ್ನಡದವೂ ಇವೆ. ಲೈಬ್ರರಿಯಲ್ಲಿ ಬೀಗ ಹಾಕಿದ ಕಪಾಟಿನ ಮುಂದೆ ನಿಲ್ಲುವುದಕ್ಕಿಂತ ಇದು ಎಷ್ಟೋ ವಾಸಿ.

ಕ್ಷೇತ್ರಕಾರ್ಯ. ಈ ಕೋರ್ಸಿನಲ್ಲಿ ನಾನು ಪೂರ್ತಿ ಅಂಕ ಕೊಡುವ ಭಾಗಗಳಲ್ಲಿ ಇದೂ ಒಂದು.

ನಮ್ಮ ಮೂರು ಜಿಲ್ಲೆಯಷ್ಟು ಒಳ್ಳೆಯ ಜಾಗ ಈ ಓದಿಗೆ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. ಸನ್ನತಿಗೆ ಹೋದೆವು, ಭೀಮಾ ದಂಡೆ. ಅಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, 1986ರಲ್ಲಿ, ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಅಂತ ಗೊತ್ತಾಯಿತು. ಅಲ್ಲೇ ಹತ್ತಿರದ ಕನಗನಹಳ್ಳಿ ಸ್ತೂಪದಲ್ಲಿ ಅಶೋಕನ ಹೆಸರು ಬರೆದ ಅವನ ಉಬ್ಬುಚಿತ್ರ ಸಿಕ್ಕಿದೆ. ಇತಿಹಾಸದ ಹುಡುಗರು ಶಾಸನ ನೋಡುತ್ತಾರೆ. ಇಂಥ ಕೋರ್ಸಿನವರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಬೌದ್ಧ ಕಲ್ಲು ದೇವಿಯ ಕಾಲ ಕೆಳಗೆ ಬಂದಿದ್ದು ಹೇಗೆ, ಅದರ ಮೇಲೆ ಎಷ್ಟು ತಲೆಮಾರು ಕುಂಕುಮ ಹಚ್ಚಿದರು, ಈಗ ಆ ಊರಿನವರು ಅಲ್ಲಿಗೆ ಯಾವ ಹೆಸರಿಟ್ಟುಕೊಂಡು ಹೋಗುತ್ತಾರೆ? ಯಾದಗಿರಿ ಕಡೆ ತಿಂಥಣಿ ಮೌನೇಶ್ವರನ ಜಾತ್ರೆ, ಹಳ್ಳಿ ಹಳ್ಳಿಯ ಮೊಹರಂ ಅಲಾಯಿ ಕುಣಿ, ತಾಂಡಾಗಳ ಹಾಡು, ಬೀದರಿನ ಗುರುನಾನಕ್ ಝೀರಾ ಗುರುದ್ವಾರ, ಎಳ್ಳಮವಾಸ್ಯೆ ದಿನ ಹೊಲದಲ್ಲಿ ಚರಗ ಚೆಲ್ಲಿ ಭಜ್ಜಿ ರೊಟ್ಟಿ ಉಣ್ಣುವುದು, ಏನು ತೆಗೆದುಕೊಂಡರೂ ಒಂದೇ ವಿಷಯದಲ್ಲಿ ಹಿಡಿಸುವುದಿಲ್ಲ.

ನಾನು ಹೆಚ್ಚು ಹೊತ್ತು ಕಳೆದಿದ್ದು ಬೀದರಿನ ಒಂದು ಬಿದರಿ ಕಾರ್ಖಾನೆಯಲ್ಲಿ. ಕಾರ್ಖಾನೆ ಅಂದರೆ ಮನೆಯ ಮುಂದಿನ ಒಂದು ಕೋಣೆ. ಸತು ಹೆಚ್ಚು, ತಾಮ್ರ ಸ್ವಲ್ಪ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಉಜ್ಜಿ ನಯ ಮಾಡಿ ಮೈಲುತುತ್ತದ ನೀರು ಹಚ್ಚಿದರೆ ಮೈ ಕಪ್ಪಾಗುತ್ತದೆ, ಆ ಕಪ್ಪಿನ ಮೇಲೆ ಮೊನೆಯಿಂದ ಬಳ್ಳಿ ಹೂವು ಕೈಯಲ್ಲೇ ಗೀಚುತ್ತಾರೆ, ಅಳತೆ ಪಟ್ಟಿ ಏನೂ ಇಲ್ಲ. ಉಳಿಯಿಂದ ಆ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜುತ್ತಾರೆ. ಆ ಹೊತ್ತಿಗೆ ಇಡೀ ಹೂಜಿ ಒಂದೇ ಬಿಳಿಬೂದು ಬಣ್ಣ, ಬೆಳ್ಳಿ ಯಾವುದು ಸತು ಯಾವುದು ಗೊತ್ತೇ ಆಗುವುದಿಲ್ಲ. ಕೊನೆಗೆ ಬೀದರ್ ಕೋಟೆಯ ಹಳೆ ಮಣ್ಣಿಗೆ ನವಸಾಗರ ಕಲಸಿ ಬಿಸಿ ಮಾಡಿದ ಹೂಜಿಗೆ ತಿಕ್ಕುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕಣ್ಣೆದುರೇ ಬಳ್ಳಿ ಎದ್ದು ಬರುತ್ತದೆ.

ಯಾವ ಮಣ್ಣು ಆಗುತ್ತದೆ ಅಂತ ಹೇಗೆ ಗೊತ್ತಾಗುತ್ತದೆ ಚಾಚಾ ಅಂತ ಕೇಳಿದೆ. ಚಾಚಾ ಬೆರಳಿನಲ್ಲಿ ಸ್ವಲ್ಪ ಮಣ್ಣು ತೆಗೆದು ನಾಲಿಗೆಗೆ ಹಚ್ಚಿ ನೋಡಿದರು. "ರುಚಿ ಮ್ಯಾಲ ಗೊತ್ತಾಗ್ತದ ಬೇಟಿ" ಅಂದರು. ನಾನು ಮುಂದೆ ಏನು ಕೇಳಬೇಕು ಅಂತ ತಿಳಿಯದೆ ಸುಮ್ಮನೆ ಕೂತೆ.

ಆ ಒಂದು ರುಚಿಯ ಹಿಂದೆ ನನ್ನ ಪ್ರಬಂಧ ಪೂರ್ತಿ ಹೋಯಿತು. ಕಪ್ಪು ಯಾಕೆ ಬರುತ್ತದೆ ಅನ್ನುವುದಕ್ಕೆ ರಸಾಯನಶಾಸ್ತ್ರದ ಒಬ್ಬ ಮೇಷ್ಟ್ರ ಹತ್ತಿರ ಹೋದೆ, ಮಣ್ಣಿನ ಲವಣದ ಬಗ್ಗೆ ಅವರು ಬೋರ್ಡಿನ ಮೇಲೆ ಬರೆದು ಹೇಳಿದರು. ಬಹಮನಿಗಳ ಕಾಲದಲ್ಲಿ ಇರಾನ್ ಕಡೆಯ ಕಸುಬುದಾರರು ಬಂದ ಕಥೆಗೆ ಇತಿಹಾಸ ಬೇಕಾಯಿತು. ಕೊರೆಯುವವರು ಯಾರು, ಉಜ್ಜುವವರು ಯಾರು, ಮನೆಯ ಹೆಂಗಸರ ಕೆಲಸ ಯಾವುದು, ಅದಕ್ಕೆ ಕೂಲಿ ಲೆಕ್ಕ ಹಿಡಿಯುತ್ತಾರಾ, ಇದು ಸಮಾಜಶಾಸ್ತ್ರ. 2006ರಲ್ಲಿ ಬಿದರಿಗೆ ಜಿಐ (ಊರಿನ ಹೆಸರಿನ ಕಸುಬಿಗೆ ಕಾನೂನು ರಕ್ಷಣೆ) ಗುರುತು ಸಿಕ್ಕಿದ್ದು ಪೀಸ್ ಲೆಕ್ಕದಲ್ಲಿ ದುಡಿಯುವವರ ಕೈಗೆ ಏನು ತಂದಿತು ಅನ್ನುವುದು ಅರ್ಥಶಾಸ್ತ್ರ, ಕಾನೂನು ಎರಡೂ. ನಾಲಿಗೆಗೆ ಮಣ್ಣು ಹಚ್ಚಿ ನೋಡುವ ವಿದ್ಯೆಯನ್ನು ಚಾಚಾ ಮಗನಿಗೆ ಹೇಗೆ ಕಲಿಸಿದರು, ಮಗ ಯಾಕೆ ಬೇರೆ ಕೆಲಸಕ್ಕೆ ಹೋದ ಅನ್ನುವುದು ಯಾವ ಶಾಸ್ತ್ರ ಅಂತ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಒಂದು ವಿಷಯದ ಎಂಎ ಮಾಡಿದ್ದರೆ ಇದರಲ್ಲಿ ಯಾವುದಾದರೂ ಒಂದನ್ನು ಹಿಡಿದು ಉಳಿದಿದ್ದು ಬಿಡಬೇಕಾಗಿತ್ತು. ಇಲ್ಲಿ ಬಿಡಬೇಕಾಗಲಿಲ್ಲ.

ಕ್ಷೇತ್ರಕಾರ್ಯದ ರೀತಿನೀತಿಯನ್ನೂ ಚೆನ್ನಾಗಿ ಕಲಿಸಿದರು, ಇದನ್ನು ಮೆಚ್ಚಿ ಹೇಳಲೇಬೇಕು. ರೆಕಾರ್ಡ್ ಮಾಡುವ ಮೊದಲು ಕೇಳಬೇಕು, ಬೇಡ ಅಂದರೆ ಫೋನ್ ಒಳಗಿಡಬೇಕು, ಬರೆದಿದ್ದನ್ನು ಹೇಳಿದವರಿಗೆ ಓದಿ ತೋರಿಸಬೇಕು. ಚಿಂಚೋಳಿ ಕಡೆ ಒಂದು ಊರಲ್ಲಿ ಬೀಸುವ ಪದ ಹಾಡುವ ಆಯಿ ಒಬ್ಬರು, "ಈ ಪದ ಒಯ್ದು ಏನ್ ಮಾಡ್ತಿಯವ್ವಾ? ನಾಳೆ ನಿನ್ನ ಹೆಸರ್ ಹಾಕ್ಕೊಂತಿ ಏನ್?" ಅಂತ ನನ್ನ ಗೆಳತಿಗೆ ನೇರವಾಗಿ ಕೇಳಿದರು. ಅವಳು ಪ್ರಬಂಧದಲ್ಲಿ ಪ್ರತಿ ಪದದ ಮೇಲೂ ಆ ಆಯಿಯ ಹೆಸರು ಹಾಕಿದಳು, ಅವರ ಒಪ್ಪಿಗೆ ಪಡೆದು, ಒಂದು ಪ್ರತಿ ಅವರ ಮನೆಗೇ ಕೊಟ್ಟು ಬಂದಳು.

ಒಂದು ಸಲಹೆ: ಕ್ಷೇತ್ರಕಾರ್ಯ ಏಪ್ರಿಲ್ ಮೇ ತಿಂಗಳಿಗೆ ಇಟ್ಟುಕೊಳ್ಳಬೇಡಿ. ನಮ್ಮ ಕಡೆ ಬಿಸಿಲು ನಿಮಗೇ ಗೊತ್ತಲ್ವಾ, ಹನ್ನೊಂದು ಗಂಟೆ ಮೇಲೆ ಊರಲ್ಲಿ ಯಾರೂ ಹೊರಗೆ ಸಿಗುವುದಿಲ್ಲ. ತೊಗರಿ ರಾಶಿ ಮುಗಿದ ಮೇಲೆ ಜನಕ್ಕೆ ಮಾತಾಡಲು ಪುರುಸೊತ್ತು ಇರುತ್ತದೆ. ಬಸ್ ಪಾಸ್ ಮಾಡಿಸಿಕೊಳ್ಳಿ, ಆದರೆ ಅದು ಮನೆಯಿಂದ ಕಾಲೇಜಿನ ದಾರಿಗೆ ಮಾತ್ರ, ಹಳ್ಳಿ ತಿರುಗಾಟದ ಖರ್ಚು ಕೈಯಿಂದಲೇ ಹೋಗುತ್ತದೆ.

ಇನ್ನು ಬೇಜಾರಾಗಿದ್ದು. ಮಾಹಿತಿ ಪುಸ್ತಕದಲ್ಲಿ ಚಂದ ಚಂದ ಐಚ್ಛಿಕ ಪೇಪರುಗಳ ಹೆಸರಿತ್ತು, ಸಿನಿಮಾ ಅಧ್ಯಯನ, ವಸ್ತುಸಂಗ್ರಹಾಲಯ, ದಖನಿ ಭಾಷೆ ಮತ್ತು ಸಾಹಿತ್ಯ. ನಾನು ಸೇರಿದ್ದೇ ದಖನಿ, ಅಂದರೆ ನಮ್ಮ ಕಡೆಯ ಉರ್ದು, ಅದರ ಆಸೆಗೆ. ನಮ್ಮ ಸಾಲಿಗೆ ಅದು ನಡೆಯಲೇ ಇಲ್ಲ, ಕಲಿಸುವವರು ಇಲ್ಲ ಅಂದರು. ಕಲಬುರಗಿಯಲ್ಲಿ, ಬೀದರಿನಲ್ಲಿ, ಬೀದಿ ತುಂಬಾ ದಖನಿ ಮಾತಾಡುವ ಊರಲ್ಲಿ ಕೂತು ದಖನಿ ಕಲಿಸುವವರು ಇಲ್ಲ ಅಂದರೆ ಬಹಳ ನೋವಾಗುತ್ತದೆ. ಪ್ರಬಂಧ ಅರ್ಧ ಆದಾಗ ಮಾರ್ಗದರ್ಶಕರು ಬದಲಾದರು. ಅತಿಥಿ ಉಪನ್ಯಾಸಕರಿಗೆ ಅವಧಿ ಮುಗಿದಿತ್ತು, ಅವರ ತಪ್ಪಲ್ಲ. ಹೊಸಬರು ಬಂದು ಮೊದಲಿನಿಂದ ಶುರು ಮಾಡು ಅಂದರು. ಬಗ್ಗಲಿಲ್ಲ, ಮಾಡಿದ್ದನ್ನೇ ಉಳಿಸಿಕೊಂಡೆ, ಆದರೆ ಎಲ್ಲರಿಗೂ ಹಾಗೆ ಹಟ ಹಿಡಿಯಲು ಆಗುವುದಿಲ್ಲ. ಫಲಿತಾಂಶವೂ ತಡ ಆಯಿತು, ಅದರಿಂದ ಇಬ್ಬರಿಗೆ ಬಿಎಡ್ ಸೇರುವ ಅವಕಾಶ ಒಂದು ವರ್ಷ ಹೋಯಿತು.

ಕೆಲಸದ ವಿಷಯ. ಮನೆಯಲ್ಲಿ ಮಾವ ಕಾಕಾ ಎಲ್ಲರೂ ಕೇಳುವುದು ಇದನ್ನೇ, "ಇದರ ಮ್ಯಾಲ ನೌಕರಿ ಏನ್ ಸಿಗ್ತದ?" ಕೇಳುವುದರಲ್ಲಿ ತಪ್ಪೇನೂ ಇಲ್ಲ, ಸಾಲ ಮಾಡಿ ಓದಿಸುವವರಿಗೆ ಕೇಳುವ ಹಕ್ಕಿದೆ. ನೇರವಾಗಿ ಹೇಳುತ್ತೇನೆ. ಪಿಯು ಉಪನ್ಯಾಸಕರಾಗಬೇಕು ಅನ್ನುವ ಆಸೆ ಇದ್ದರೆ ಈ ಕೋರ್ಸು ಬೇಡ. ಅಲ್ಲಿ ಆಯಾ ವಿಷಯದಲ್ಲೇ ಎಂಎ ಕೇಳುತ್ತಾರೆ, ಇತಿಹಾಸಕ್ಕೆ ಇತಿಹಾಸ, ಸಮಾಜಶಾಸ್ತ್ರಕ್ಕೆ ಸಮಾಜಶಾಸ್ತ್ರ. ಡಿಗ್ರಿ ಕಾಲೇಜಿಗೂ ಹೆಚ್ಚುಕಡಿಮೆ ಅದೇ ಕಥೆ. ಅಂಕಪಟ್ಟಿಯ ಮೇಲೆ ಪದವಿಯ ಹೆಸರು ಏನಂತ ಬರುತ್ತದೆ ಅನ್ನುವುದೇ ನಿಮ್ಮ ಮುಂದಿನ ದಾರಿ ತೀರ್ಮಾನ ಮಾಡುತ್ತದೆ. ಕಾಲೇಜು ಅಧ್ಯಾಪಕರ ಅರ್ಹತೆಗೆ ಬರೆಯುವ ನೆಟ್ ಪರೀಕ್ಷೆಯ ವಿಷಯಗಳ ಪಟ್ಟಿ ತೆಗೆದು ನೋಡಿ, ಅದರಲ್ಲಿ ನಿಮ್ಮ ಪದವಿ ಯಾವುದಕ್ಕೆ ಹೊಂದುತ್ತದೆ ಅಂತ ವಿಭಾಗದವರಿಂದ ಕೇಳಿ ತಿಳಿದುಕೊಳ್ಳಿ. ನೆಟ್‌ಗೆ ಸಾಮಾನ್ಯ ವರ್ಗಕ್ಕೆ ಎಂಎಯಲ್ಲಿ ಶೇ 55, ಮೀಸಲಾತಿ ಇದ್ದವರಿಗೆ ಶೇ 50 ಬೇಕು, ಇದೂ ತಲೆಯಲ್ಲಿ ಇರಲಿ.

ನಮ್ಮ ಬ್ಯಾಚಿನವರು ಈಗ ಎಲ್ಲೆಲ್ಲಿ ಇದ್ದಾರೆ ಅಂದರೆ, ಒಬ್ಬ ಪತ್ರಿಕೆಯಲ್ಲಿ ಇದ್ದಾನೆ, ಒಬ್ಬಳು ಸ್ವಯಂಸೇವಾ ಸಂಸ್ಥೆಯಲ್ಲಿ ಮಹಿಳಾ ಸಂಘಗಳ ಕೆಲಸ ನೋಡುತ್ತಾಳೆ, ಕೆಲವರು ಕೆಎಎಸ್ ಓದುತ್ತಿದ್ದಾರೆ, ಒಬ್ಬರು ಪಿಎಚ್‌ಡಿಗೆ ಹೈದರಾಬಾದಿಗೆ ಹೋದರು. ಕೆಲಸ ಸಿಗದೆ ಮನೆಯಲ್ಲಿರುವವರೂ ಇದ್ದಾರೆ. ನನಗೆ ಸಿಕ್ಕಿದ್ದು ದಾಖಲೀಕರಣದ ಒಂದು ಯೋಜನೆ, ಹಳೆ ಕಸುಬುಗಳ ಬಗ್ಗೆ, ಗುತ್ತಿಗೆ ಮೇಲೆ. ಸಂಬಳ ದೊಡ್ಡದಲ್ಲ. ಕೆಲಸ ಮಾತ್ರ ನನಗೆ ಬೇಕಾಗಿದ್ದೇ, ಮತ್ತು ಅದು ಸಿಕ್ಕಿದ್ದು ಆ ಬಿದರಿ ಪ್ರಬಂಧ ತೋರಿಸಿದ್ದಕ್ಕೆ.

ಸೇರುವ ಕ್ರಮ ದೊಡ್ಡ ತಲೆನೋವಲ್ಲ. ರಾಜ್ಯದ ವಿಶ್ವವಿದ್ಯಾಲಯವಾದರೆ ಆನ್‌ಲೈನ್ ಅರ್ಜಿ, 371ಜೆ (ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿ) ಪ್ರಮಾಣಪತ್ರ ಮೊದಲೇ ಮಾಡಿಸಿ ಇಟ್ಟುಕೊಳ್ಳಿ, ಕೊನೆ ಗಳಿಗೆಯಲ್ಲಿ ಆಫೀಸು ಅಲೆಯುವುದು ಬೇಡ. ಕೇಂದ್ರೀಯ ವಿಶ್ವವಿದ್ಯಾಲಯವಾದರೆ ಸಿಯುಇಟಿ ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು, ಅದರ ಅರ್ಜಿ ಡಿಗ್ರಿ ಪರೀಕ್ಷೆಗಿಂತ ಬಹಳ ಮೊದಲೇ ಬಂದು ಹೋಗುತ್ತದೆ, ನಮ್ಮ ಕಡೆ ಹುಡುಗರಿಗೆ ಗೊತ್ತಾಗುವ ಹೊತ್ತಿಗೆ ದಿನ ಮುಗಿದಿರುತ್ತದೆ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್. ಹಾಸ್ಟೆಲ್ ಸಿಕ್ಕರೆ ಬಿಡಬೇಡಿ, ಈ ಕೋರ್ಸಿನ ಅರ್ಧ ಓದು ರಾತ್ರಿ ಊಟ ಆದಮೇಲೆ ಹಾಸ್ಟೆಲಿನಲ್ಲೇ ನಡೆಯುತ್ತದೆ.

ಯಾರಿಗೆ ಹಿಡಿಸುತ್ತದೆ? ಊರಿನ ಜಾತ್ರೆ, ಮದುವೆ, ಮಾತು, ಕಸುಬು ನೋಡಿದಾಗ ಇದು ಹೀಗೇ ಯಾಕೆ ಅನ್ನುವ ಪ್ರಶ್ನೆ ಯಾರಿಗೆ ಸುಮ್ನೆ ಬಿಡುವುದಿಲ್ಲವೋ ಅವರಿಗೆ. ಪ್ರಶ್ನೋತ್ತರ ಬಾಯಿಪಾಠ ಮಾಡಿ ಪಾಸಾಗುವವರಿಗೆ ಇಲ್ಲಿ ಕಷ್ಟ, ಯಾಕಂದರೆ ಒಂದು ಪ್ರಶ್ನೆಗೆ ಒಂದೇ ಉತ್ತರ ಯಾರೂ ಬರೆಸುವುದಿಲ್ಲ.

ಐದಕ್ಕೆ ಎಷ್ಟು ಅಂತ ಕೇಳಿದರೆ ಕ್ಷೇತ್ರಕಾರ್ಯಕ್ಕೆ ಐದು, ಒಟ್ಟಿಗೆ ನಡೆಸಿದ ಕ್ಲಾಸುಗಳಿಗೆ ಐದು, ಓದುವ ಪಟ್ಟಿಗೆ ಎರಡೂವರೆ, ಆಡಳಿತಕ್ಕೆ ಒಂದು.

ಅರ್ಜಿ ಹಾಕುವ ಮೊದಲು ಒಂದು ದಿನ ವಿಭಾಗಕ್ಕೆ ಹೋಗಿ. ಜಾಲತಾಣ ನೋಡಿ ತೀರ್ಮಾನ ಮಾಡಬೇಡಿ. ಹಿಂದಿನ ಎರಡು ಮೂರು ಬ್ಯಾಚಿನ ಪ್ರಬಂಧಗಳನ್ನು ನೋಡಬಹುದಾ ಸರ್ ಅಂತ ಕೇಳಿ, ತೋರಿಸುತ್ತಾರೆ. ಕೊನೆಯ ಪುಟಗಳಿಗೆ ಹೋಗಿ ಯಾವ ಪುಸ್ತಕ ಓದಿದ್ದಾರೆ, ಯಾವ ಊರಿಗೆ ಹೋಗಿದ್ದಾರೆ, ಯಾರನ್ನು ಮಾತಾಡಿಸಿದ್ದಾರೆ ನೋಡಿ. ಅಲ್ಲಿ ಎರಡು ಮೂರು ವಿಷಯದ ಪುಸ್ತಕಗಳೂ ಹಳ್ಳಿಗಳ ಹೆಸರೂ ಒಟ್ಟಿಗೆ ಇದ್ದರೆ ಅವತ್ತೇ ಅರ್ಜಿ ಹಾಕಿ. ಮೊದಲ ಪುಟದಲ್ಲಿ ಸಹಿ ಹಾಕಿದ ಮಾರ್ಗದರ್ಶಕರು ಈಗಲೂ ಅಲ್ಲೇ ಇದ್ದಾರಾ ಅನ್ನುವುದನ್ನೂ ಕೇಳಿಕೊಂಡು ಬನ್ನಿ.